ರಿಂಗಿನ ಮೂಲೆಯಲ್ಲಿ ನಿಂತವರು

2021ರ ಏಪ್ರಿಲ್ 22. ಕೋವಿಡ್‌ನ ಎರಡನೇ ಅಲೆ ದೇಶವನ್ನು ನಡುಗಿಸುತ್ತಿದ್ದ ದಿನಗಳು. ಆಸ್ಪತ್ರೆಯ ಹಾಸಿಗೆ, ಆಮ್ಲಜನಕದ ಸಿಲಿಂಡರ್ ಬಿಟ್ಟರೆ ಬೇರೆ ಸುದ್ದಿಗೆ ಯಾರ ಕಿವಿಯೂ ತೆರೆದಿರಲಿಲ್ಲ. ಅಂದು ಪೋಲೆಂಡಿನ ಕೀಲ್ಸೆ ಎಂಬ ಊರಿನಲ್ಲಿ ವಿಶ್ವ ಯುವ ಬಾಕ್ಸಿಂಗ್ ಚಾಂಪಿಯನ್‌ಷಿಪ್‌ನ ಮಹಿಳೆಯರ ಫೈನಲ್‌ಗಳು ನಡೆದವು. ಭಾರತದ ಏಳು ಹುಡುಗಿಯರು ಫೈನಲ್ ತಲುಪಿದ್ದರು. ಏಳೂ ಮಂದಿ ಚಿನ್ನ ಗೆದ್ದರು. ಅವರಲ್ಲಿ ಅತಿ ಭಾರದ ವಿಭಾಗದ, ಅಂದರೆ 81 ಕಿಲೋ ಮೇಲ್ಪಟ್ಟವರ ಚಿನ್ನ ಅಲ್ಫಿಯಾ ಪಠಾಣ್ ಅವರದು. ಮಾಲ್ಡೋವಾದ ದಾರಿಯಾ ಕೊಜೊರೆಜ್ ಅವರನ್ನು ಅಲ್ಫಿಯಾ 5-0ರಿಂದ ಸೋಲಿಸಿದರು. ಐವರು ತೀರ್ಪುಗಾರರಲ್ಲಿ ಒಬ್ಬರಿಗೂ ಅನುಮಾನ ಬರದಂಥ ಗೆಲುವು.

ಅಲ್ಫಿಯಾ ನಾಗಪುರದವರು. ಕಿತ್ತಳೆಗೆ, ದೀಕ್ಷಾಭೂಮಿಗೆ, ಜಾಮಠಾದ ಕ್ರಿಕೆಟ್ ಮೈದಾನಕ್ಕೆ ಹೆಸರಾದ ಊರು ಅದು. ಬಾಕ್ಸಿಂಗ್ ಎಂದರೆ ಭಿವಾನಿ, ರೋಹ್ಟಕ್, ಇಂಫಾಲ ಎನ್ನುವ ಮಾತೇ ರೂಢಿ. ಆ ಸಾಲಿನಲ್ಲಿ ನಾಗಪುರವಿರುವ ವಿದರ್ಭದ ಹೆಸರು ಬಂದದ್ದೇ ಇಲ್ಲ. ಮೇ ತಿಂಗಳಲ್ಲಿ ಪಾದರಸ 45 ಡಿಗ್ರಿ ಮುಟ್ಟುವ ಊರಿನ ಹುಡುಗಿ ಯೂರೋಪಿನ ರಿಂಗಿನಲ್ಲಿ ವಿಶ್ವ ಚಾಂಪಿಯನ್ ಆಗಿ ಕೈ ಎತ್ತಿಸಿಕೊಂಡಿದ್ದು ಹೇಗೆ ಎಂದು ಕೇಳಿದರೆ, ಉತ್ತರ ಹುಡುಕಲು ಕೊರಾಡಿ ರಸ್ತೆಯ ಕಡೆ ಹೋಗಬೇಕು. ಅಲ್ಲಿನ ಮಾನಕಾಪುರದಲ್ಲಿ ವಿಭಾಗೀಯ ಕ್ರೀಡಾ ಸಂಕುಲವಿದೆ. ಗಣೇಶ ಪುರೋಹಿತ್ ಎಂಬ ತರಬೇತುದಾರರ ಕೈಯಲ್ಲಿ ಅಲ್ಫಿಯಾ ಗ್ಲೌಸ್ ತೊಡುವುದನ್ನು ಕಲಿತದ್ದು ಅಲ್ಲಿ.

ತಂದೆ ನಾಗಪುರ ಪೊಲೀಸ್ ಇಲಾಖೆಯವರು. ಸೋದರ ಬಾಕ್ಸಿಂಗ್ ಕಲಿಯುತ್ತಿದ್ದುದನ್ನು ನೋಡಿ, 2016ರ ಸುಮಾರಿಗೆ ಹುಡುಗಿಯ ಮನಸ್ಸೂ ಅತ್ತ ವಾಲಿತು. ವಯಸ್ಸಿಗೆ ಮೀರಿದ ಎತ್ತರ, ಅದಕ್ಕೆ ತಕ್ಕ ಮೈಕಟ್ಟು. ಅಂಥ ಮೈಯನ್ನು ಕಂಡಾಗ ಊರಿನವರ ನಾಲಿಗೆಗೆ ಮೊದಲು ಬರುವುದು ಟೀಕೆ. ತರಬೇತುದಾರನಿಗೆ ಅದೇ ಮೈ ಬೇರೆಯಾಗಿ ಕಾಣುತ್ತದೆ. ಆ ತೋಳು ಎಷ್ಟು ದೂರ ಚಾಚುತ್ತದೆ, ಆ ಪಾದ ಎಷ್ಟು ಬೇಗ ತಿರುಗುತ್ತದೆ, ಆ ಭುಜದ ಹಿಂದೆ ಎಷ್ಟು ಬಲ ಅಡಗಿದೆ ಎಂದು ಅವನ ಕಣ್ಣು ಅಳೆಯುತ್ತದೆ. ಚಾಂಪಿಯನ್ನಿನ ಬದುಕಿನಲ್ಲಿ ತರಬೇತುದಾರನ ಮೊದಲ ಪಾಲು ಈ ನೋಟವೇ.

ನೋಡಿ ಗುರುತಿಸಿದರೆ ಸಾಲದು. ನಾಗಪುರದಲ್ಲಿ ಆ ತೂಕದ ಬೇರೆ ಹುಡುಗಿಯರು ಇರಲಿಲ್ಲ. ಬಾಕ್ಸಿಂಗ್ ಒಬ್ಬರೇ ಕಲಿಯುವ ವಿದ್ಯೆಯಲ್ಲ. ಗೋಣಿಚೀಲಕ್ಕೆ ಎಷ್ಟು ಗುದ್ದಿದರೂ ಅದು ತಿರುಗಿ ಗುದ್ದುವುದಿಲ್ಲ. ಎದುರಿಗೆ ಉಸಿರಾಡುವ, ತಪ್ಪಿಸಿಕೊಳ್ಳುವ, ಮೋಸದ ಚಲನೆ ತೋರಿಸುವ ಇನ್ನೊಂದು ದೇಹ ಬೇಕು. ಹಾಗಾಗಿ ಅಲ್ಫಿಯಾ ಹುಡುಗರ ಜೊತೆ ಸ್ಪಾರಿಂಗ್, ಅಂದರೆ ಅಭ್ಯಾಸದ ಕಾದಾಟ, ಮಾಡಿದರು. ಓದಲು ಇದು ಒಂದು ಸಾಲಿನ ಸುದ್ದಿ. ಮಾಡಿಸುವವನಿಗೆ ದಿನದಿನದ ಪರೀಕ್ಷೆ. ಯಾವ ಹುಡುಗನನ್ನು ಎದುರಿಗೆ ನಿಲ್ಲಿಸಬೇಕು? ಅವನು ಸಂಕೋಚದಿಂದ ಕೈ ಹಗುರ ಮಾಡಿದರೆ ಹುಡುಗಿ ಏನೂ ಕಲಿಯುವುದಿಲ್ಲ. ರೋಷದಿಂದ ಜೋರು ಮಾಡಿದರೆ ಪೆಟ್ಟು ಬೀಳುತ್ತದೆ, ಮನಸ್ಸು ಮುದುಡುತ್ತದೆ. ಎಷ್ಟು ಹೊತ್ತಿಗೆ ‘ಸಾಕು’ ಅನ್ನಬೇಕು? ಮನೆಯವರ ನಂಬಿಕೆ, ನೆಂಟರ ಗೊಣಗಾಟ, ಹುಡುಗಿಯ ಹಟ ಇವೆಲ್ಲದರ ನಡುವೆ ನಿಂತು ಇದನ್ನು ನಿಭಾಯಿಸಿದ ತರಬೇತುದಾರ ಕಲಿಸಿದ್ದು ಪಂಚ್ ಮಾತ್ರ ಅಲ್ಲ.

ಕನ್ನಡನಾಡಿನ ಗರಡಿಮನೆ ಕಂಡವರಿಗೆ ಈ ಸಂಬಂಧ ಹೊಸದಲ್ಲ. ಗರಡಿಯಲ್ಲಿ ಮಟ್ಟಿ ಹದ ಮಾಡುವುದರಿಂದ ಹಿಡಿದು ಪೈಲ್ವಾನನ ಊಟ, ನಿದ್ದೆ, ಸ್ನೇಹಿತರವರೆಗೆ ಎಲ್ಲದರ ಮೇಲೂ ವಸ್ತಾದರ ಕಣ್ಣು. ವಸ್ತಾದ್ ಎನ್ನುವ ಮಾತು ನಾಗಪುರದ ಮರಾಠಿ ಅಖಾಡಗಳಲ್ಲೂ ಅದೇ ಅರ್ಥದಲ್ಲಿ ನಡೆಯುತ್ತದೆ. ಬಾಕ್ಸಿಂಗ್ ನಮ್ಮಲ್ಲಿಗೆ ಬಂದದ್ದು ಸೇನೆಯ, ರೈಲ್ವೆಯ, ಪೊಲೀಸರ ಮೂಲಕವಾದರೂ ಅದು ಬೇರು ಬಿಟ್ಟಲ್ಲೆಲ್ಲ ‘ಕೋಚ್ ಸಾಬ್’ ಎಂಬವರು ವಸ್ತಾದರ ಜಾಗದಲ್ಲೇ ಕೂತರು.

ಬಾಕ್ಸಿಂಗ್ ಶಾಲೆಯಲ್ಲಿ ಹೊಸಬರು ಕಲಿಯುವ ಮೊದಲ ಪಾಠ ಹೊಡೆತವಲ್ಲ, ಕೈಗೆ ಪಟ್ಟಿ ಸುತ್ತುವುದು. ಅಂತರರಾಷ್ಟ್ರೀಯ ಅಮೆಚೂರ್ ನಿಯಮದಲ್ಲಿ ಆ ಪಟ್ಟಿ ಎರಡೂವರೆ ಮೀಟರಿಗಿಂತ ಕಡಿಮೆ, ನಾಲ್ಕೂವರೆ ಮೀಟರಿಗಿಂತ ಹೆಚ್ಚು ಇರಕೂಡದು. ತುದಿಯ ಕುಣಿಕೆಯನ್ನು ಹೆಬ್ಬೆರಳಿಗೆ ಸಿಕ್ಕಿಸಿ, ಮಣಿಕಟ್ಟಿಗೆ ಮೂರು ಸುತ್ತು, ಅಂಗೈ ಹಿಂಬದಿಯಿಂದ ಗೆಣ್ಣುಗಳ ಮೇಲೆ ಮೂರು ಸುತ್ತು, ಆಮೇಲೆ ಬೆರಳುಗಳ ಸಂದಿಯಲ್ಲಿ ಒಂದೊಂದಾಗಿ ಹಾಯಿಸಿ ಮತ್ತೆ ಮಣಿಕಟ್ಟಿಗೆ ತರಬೇಕು. ಸುತ್ತುವಾಗ ಬೆರಳು ಅಗಲಿಸಿ ಹಿಡಿದಿರಬೇಕು. ಸುತ್ತಿದ ಮೇಲೆ ಮುಷ್ಟಿ ಕಟ್ಟಿ ನೋಡಬೇಕು. ಬಿಗಿಯಾದರೆ ಬೆರಳ ತುದಿ ಜುಮ್ಮೆಂದು ಬಣ್ಣ ಕೆಡುತ್ತದೆ. ಸಡಿಲವಾದರೆ ಎರಡನೇ ಸುತ್ತಿಗೆಲ್ಲ ಗ್ಲೌಸಿನೊಳಗೆ ಗಂಟುಗಟ್ಟಿ ಗೆಣ್ಣು ಮುರಿಯುವ ಅಪಾಯ. ಮೊದಮೊದಲು ತರಬೇತುದಾರನೇ ಮಗುವಿನ ಕೈಯನ್ನು ತನ್ನ ಮಂಡಿಯ ಮೇಲಿಟ್ಟುಕೊಂಡು ಸುತ್ತುತ್ತಾನೆ. ಆ ಎರಡು ಮೂರು ನಿಮಿಷದಲ್ಲಿ ಅವನಿಗೆ ಬಹಳಷ್ಟು ಗೊತ್ತಾಗುತ್ತದೆ. ಕೈ ಬೆವೆತಿದೆಯೇ, ಹಳೆಯ ನೋವು ಮುಚ್ಚಿಡುತ್ತಿದ್ದಾಳೆಯೇ, ರಾತ್ರಿ ನಿದ್ದೆಗೆಟ್ಟಿದ್ದಾಳೆಯೇ. ಕೆಲ ತಿಂಗಳಾದ ಮೇಲೆ ಒಂದು ದಿನ ಅವನು ಪಟ್ಟಿಯನ್ನು ಶಿಷ್ಯೆಯ ಕೈಗೇ ಕೊಟ್ಟು ಸುಮ್ಮನೆ ನಿಂತು ನೋಡುತ್ತಾನೆ. ಶಿಸ್ತು ಎಂದರೆ ಬೆತ್ತ, ಗದರಿಕೆ ಎಂದುಕೊಂಡವರು ಆ ಮೌನದ ಹೊತ್ತನ್ನು ಒಮ್ಮೆ ಗಮನಿಸಬೇಕು. ತಾನು ಮಾಡಿಸುತ್ತಿದ್ದುದನ್ನು ಶಿಷ್ಯೆ ತಾನಾಗಿ ಮಾಡಿಕೊಳ್ಳುವಂತೆ ಆಗುವುದೇ ತರಬೇತಿಯ ಗುರಿ.

ಅಲ್ಫಿಯಾ ಅವರ ವಿಷಯದಲ್ಲಿ ಇದಕ್ಕೆ ಇನ್ನೂ ಒಂದು ತೂಕ ಹೆಚ್ಚು. 48 ಅಥವಾ 51 ಕಿಲೋದ ಬಾಕ್ಸರುಗಳಿಗೆ ಅರ್ಧ ಶಿಸ್ತನ್ನು ತೂಕದ ಯಂತ್ರವೇ ಕಲಿಸುತ್ತದೆ. ಪಂದ್ಯದ ಬೆಳಿಗ್ಗೆ ನೂರು ಗ್ರಾಂ ಹೆಚ್ಚಾದರೂ ರಿಂಗಿಗೆ ಪ್ರವೇಶವಿಲ್ಲ. 2018ರಲ್ಲಿ ಪೋಲೆಂಡಿನ ಟೂರ್ನಿಗೆ ಹೋದ ಮೇರಿ ಕೋಮ್, ನಸುಕಿನಲ್ಲಿ ಇಳಿದು, ಹೆಚ್ಚಾಗಿದ್ದ ಎರಡು ಕಿಲೋವನ್ನು ಕೆಲವೇ ಗಂಟೆಗಳಲ್ಲಿ ಹಗ್ಗದಾಟ ಆಡಿ ಇಳಿಸಿ, 48 ಕಿಲೋ ವಿಭಾಗದಲ್ಲಿ ಚಿನ್ನ ಗೆದ್ದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ 81ರ ಮೇಲಿನ ವಿಭಾಗಕ್ಕೆ ಮೇಲ್ಮಿತಿಯೇ ಇಲ್ಲ. ಒಂದು ವಾರ ಮನಸ್ಸು ಬಂದಂತೆ ತಿಂದರೂ, ಓಟ ತಪ್ಪಿಸಿದರೂ ಯಂತ್ರ ‘ಬೇಡ’ ಅನ್ನುವುದಿಲ್ಲ. ಅಲ್ಲಿ ತಕ್ಕಡಿಯ ಕೆಲಸವನ್ನೂ ತರಬೇತುದಾರನೇ ಮಾಡಬೇಕು. ಕಾಲು ನಿಧಾನವಾಗುತ್ತಿದೆ, ಎಡಗೈ ಜ್ಯಾಬ್ ಹಾಕಿ ಗಲ್ಲದ ಬಳಿಗೆ ಮರಳುವುದು ತಡವಾಗುತ್ತಿದೆ, ಮೂರನೇ ಸುತ್ತಿನಲ್ಲಿ ಬಾಯಿ ತೆರೆದು ಉಸಿರು ಬಿಡುತ್ತಿದ್ದಾಳೆ ಎಂಬುದನ್ನು ಅವನ ಕಣ್ಣು ಹಿಡಿಯಬೇಕು. ಹೇಳಿದಾಗ ಶಿಷ್ಯೆ ನಂಬಬೇಕು. ಈ ನಂಬಿಕೆ ಇಲ್ಲದಿದ್ದರೆ ಭಾರಿ ತೂಕದಲ್ಲಿ ಬರೀ ಭಾರ ಉಳಿಯುತ್ತದೆ.

ಆ ನಂಬಿಕೆ ಎಷ್ಟು ದೂರ ಒಯ್ಯಬಲ್ಲದು, ಎಲ್ಲಿ ಕೈಬಿಡಬಹುದು ಎರಡನ್ನೂ ತೋರಿಸುವ ದೊಡ್ಡ ಉದಾಹರಣೆ ಮೈಕ್ ಟೈಸನ್. ಸುಧಾರಣಾ ಶಾಲೆಯಲ್ಲಿದ್ದ ಹದಿಮೂರರ ಹುಡುಗನನ್ನು ವೃದ್ಧ ತರಬೇತುದಾರ ಕಸ್ ದಮಾಟೊ ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್‌ನ ತಮ್ಮ ಮನೆಗೆ ಕರೆತಂದರು, ಮುಂದೆ ಕಾನೂನುಬದ್ಧ ಪೋಷಕರೂ ಆದರು. ಎರಡೂ ಕೈ ಕೆನ್ನೆಗೆ ತಾಗಿಸಿ, ತಲೆಯನ್ನು ಲೋಲಕದಂತೆ ಆಡಿಸುತ್ತ ನುಗ್ಗುವ ಶೈಲಿ ಅವರು ಕೊಟ್ಟದ್ದು. ಭಯವನ್ನು ಬೆಂಕಿಯಂತೆ ಬಳಸಿಕೊಳ್ಳಬೇಕು ಎಂಬ ಪಾಠವೂ ಅವರದ್ದೇ. 1985ರ ನವೆಂಬರ್ 4ರಂದು ದಮಾಟೊ ತೀರಿಕೊಂಡರು. ವರ್ಷ ಕಳೆದು, 1986ರ ನವೆಂಬರ್ 22ರಂದು, ಇಪ್ಪತ್ತು ವರ್ಷದ ಟೈಸನ್ ಟ್ರೆವರ್ ಬರ್ಬಿಕ್‌ನನ್ನು ಕೆಡವಿ ಹೆವಿವೇಟ್ ಇತಿಹಾಸದ ಅತಿ ಕಿರಿಯ ವಿಶ್ವ ಚಾಂಪಿಯನ್ ಆದ. ಗುರುವಿನ ದಾರಿಯಲ್ಲೇ ತರಬೇತಿ ಮುಂದುವರಿಸಿದ್ದ ಕೆವಿನ್ ರೂನಿಯನ್ನು 1988ರಲ್ಲಿ ದೂರ ಮಾಡಿದ. 1990ರ ಫೆಬ್ರವರಿ 11ರಂದು ಟೋಕಿಯೊದಲ್ಲಿ, ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳದ ಬಸ್ಟರ್ ಡಗ್ಲಸ್ ಹತ್ತನೇ ಸುತ್ತಿನಲ್ಲಿ ಅವನನ್ನು ನೆಲಕ್ಕೆ ಕೆಡವಿದ. ಆ ರಾತ್ರಿ ಟೈಸನ್‌ನ ಕಣ್ಣು ಊದಿಕೊಂಡಾಗ, ಊತ ಇಳಿಸಲು ಮೂಲೆಯವರ ಬಳಿ ಇರಬೇಕಾದ ತಣ್ಣನೆಯ ಲೋಹದ ಬಿಲ್ಲೆಯೇ ಇರಲಿಲ್ಲ. ರಬ್ಬರಿನ ಕೈಗವಸಿಗೆ ಐಸ್ ನೀರು ತುಂಬಿ ಒತ್ತಿದರು. ಪ್ರಪಂಚದ ಅತಿ ದುಬಾರಿ ಬಾಕ್ಸರ್‌ನ ಮೂಲೆಯಲ್ಲಿ ಅಂಗೈಯಗಲದ ಒಂದು ಸಾಮಾನು ಇಲ್ಲದ ಆ ದೃಶ್ಯ, ಅವನ ಸುತ್ತಲಿನ ಶಿಸ್ತು ಎಷ್ಟು ಕರಗಿತ್ತು ಎಂಬುದನ್ನು ತೋರಿಸಿತು.

ದಮಾಟೊ ಕೊಟ್ಟದ್ದು ಕಡಿಮೆ ಎಂದಲ್ಲ. ಆದರೆ ಆ ಶಿಸ್ತು ದಮಾಟೊ ಇದ್ದಷ್ಟು ದಿನ ಗಟ್ಟಿಯಾಗಿತ್ತು, ಹುಡುಗನ ಒಳಗೆ ಪೂರ್ತಿ ಇಳಿದಿರಲಿಲ್ಲ. ನಾಲ್ಕೂವರೆ ಮೀಟರ್ ಪಟ್ಟಿಯನ್ನು ಶಿಷ್ಯನ ಕೈಗೆ ಕೊಟ್ಟು ಸುಮ್ಮನೆ ನೋಡುವ ದಿನ ಬರುವ ಮೊದಲೇ ಗುರು ಹೊರಟುಹೋಗಿದ್ದರು.

ರಿಂಗಿನ ಹೊರಗೆ ವರ್ಷಗಟ್ಟಲೆ ನಡೆದ ಕೆಲಸ ರಿಂಗಿನೊಳಗೆ ಕಾಣುವುದು ಒಂದೇ ನಿಮಿಷ. ಅಮೆಚೂರ್ ಬಾಕ್ಸಿಂಗ್‌ನಲ್ಲಿ ಮೂರು ನಿಮಿಷದ ಮೂರು ಸುತ್ತು, ನಡುವೆ ಅರವತ್ತು ಸೆಕೆಂಡಿನ ವಿರಾಮ. ಸ್ಟೂಲ್ ಒಳಗೆ ಬರುತ್ತದೆ, ಬಾಯಿಯ ರಕ್ಷಾಕವಚ ಹೊರಗೆ ಬರುತ್ತದೆ, ಒಂದು ಗುಟುಕು ನೀರು, ಮುಖಕ್ಕೆ ಟವೆಲ್. ಕಿವಿಯಲ್ಲಿ ರಕ್ತ ಮೊರೆಯುತ್ತಿರುವವರಿಗೆ ಹತ್ತು ಮಾತು ಹೇಳಿದರೆ ಒಂದೂ ತಾಗುವುದಿಲ್ಲ. ಒಳ್ಳೆಯ ತರಬೇತುದಾರರು ಮೊದಲು ಉಸಿರು ತಹಬಂದಿಗೆ ಬರಲು ಬಿಡುತ್ತಾರೆ. ಆಮೇಲೆ ಒಂದೇ ಮಾತು: ‘ಎಡಕ್ಕೆ ತಿರುಗು’ ಎಂದೋ ‘ಎರಡು ಹಾಕಿ ಹೊರಗೆ ಬಾ’ ಎಂದೋ. ಆ ಒಂದು ಮಾತು ಕೆಲಸ ಮಾಡುವುದು ಸಾವಿರ ಸಲ ಅಭ್ಯಾಸದಲ್ಲಿ ಕೇಳಿದ ದನಿ ಅದನ್ನು ಹೇಳಿದಾಗ ಮಾತ್ರ.

ಇದಕ್ಕಿಂತ ಕಷ್ಟದ ಮಾತು ಒಂದಿದೆ, ‘ಇನ್ನು ಸಾಕು’. 1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಹದಿನಾಲ್ಕು ಸುತ್ತು ಕಾದಾಡಿದ್ದರು. ಫ್ರೇಜಿಯರ್‌ನ ಒಂದು ಕಣ್ಣು ಊದಿ ಮುಚ್ಚುತ್ತಿತ್ತು, ಇನ್ನೊಂದರ ದೃಷ್ಟಿ ಮೊದಲೇ ಮಂದವಾಗಿತ್ತು. ಬರುವ ಹೊಡೆತ ಅವನಿಗೆ ಕಾಣುತ್ತಿರಲಿಲ್ಲ. ಉಳಿದದ್ದು ಒಂದೇ ಸುತ್ತು. ಫ್ರೇಜಿಯರ್ ಬೇಡಬೇಡವೆಂದರೂ ತರಬೇತುದಾರ ಎಡ್ಡಿ ಫಚ್ ಪಂದ್ಯ ನಿಲ್ಲಿಸಿಬಿಟ್ಟರು. ಎದುರು ಮೂಲೆಯಲ್ಲಿ ಅಲಿಯೂ ನಿಲ್ಲಲಾರದಷ್ಟು ದಣಿದಿದ್ದ ಎಂಬುದು ಆಮೇಲೆ ತಿಳಿಯಿತು. ಆದರೂ ಫಚ್ ಅವರ ನಿರ್ಧಾರ ಸರಿಯಾಗಿತ್ತು. ಗೆಲುವಿಗಿಂತ ಮುಂದಿನ ಬದುಕು ದೊಡ್ಡದು ಎಂದು ಶಿಷ್ಯನ ಪರವಾಗಿ, ಶಿಷ್ಯನ ವಿರುದ್ಧವೇ ತೀರ್ಮಾನಿಸುವ ಅಧಿಕಾರ ಬೇರೆ ಯಾವ ಕ್ರೀಡೆಯ ಗುರುವಿಗೂ ಇಷ್ಟು ನೇರವಾಗಿ ಇಲ್ಲ. ಇಷ್ಟು ಅಧಿಕಾರ ಇರುವುದರಿಂದಲೇ ಅದರ ದುರುಪಯೋಗದ ಭಯವೂ ಇದೆ. ಹೆಣ್ಣುಮಕ್ಕಳನ್ನು ಕಳಿಸುವ ಮನೆಯವರು ತರಬೇತುದಾರನ ಪದಕಗಳನ್ನು ಎಣಿಸುವ ಮೊದಲು ಅವನ ನಡತೆಯನ್ನು ವಿಚಾರಿಸುವುದು ನ್ಯಾಯವೇ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಬಾಕ್ಸರ್‌ಗೆ ಗುರು ಒಬ್ಬರಲ್ಲ. ಊರಿನಲ್ಲಿ ಅಕ್ಷರಾಭ್ಯಾಸ ಮಾಡಿಸಿದವರು ಒಬ್ಬರು, ರಾಷ್ಟ್ರೀಯ ಶಿಬಿರದಲ್ಲಿ ತಿದ್ದಿ ತೀಡುವವರು ಮತ್ತೊಬ್ಬರು. ಅಲ್ಫಿಯಾ ಕೂಡ ಮಾನಕಾಪುರದಿಂದ ರೋಹ್ಟಕ್‌ನ ರಾಷ್ಟ್ರೀಯ ಬಾಕ್ಸಿಂಗ್ ಅಕಾಡೆಮಿಗೆ ಹೋದರು. ಕೀಲ್ಸೆಯಲ್ಲಿ ಏಳು ಚಿನ್ನ ಬಂದಾಗ ಯುವ ಮಹಿಳಾ ತಂಡದ ಮುಖ್ಯ ತರಬೇತುದಾರರಾಗಿದ್ದವರು ಭಾಸ್ಕರ್ ಭಟ್. ಶಿಬಿರದಲ್ಲಿ ಸಮಾನ ತೂಕದ ಎದುರಾಳಿಗಳು, ವೈದ್ಯರು, ವಿಡಿಯೊ ವಿಶ್ಲೇಷಣೆ, ವಿದೇಶಿ ಟೂರ್ನಿ ಎಲ್ಲ ಸಿಗುತ್ತವೆ. ನಾಗಪುರದಲ್ಲಿ ಅವು ಸಿಗುವಂತಿರಲಿಲ್ಲ. ಹಾಗೆಂದು ಊರಿನ ಗುರುವಿನ ಪಾಲು ಅಲ್ಲಿಗೆ ಮುಗಿಯುವುದಿಲ್ಲ. ಶಿಬಿರಕ್ಕೆ ಬರುವ ಹೊತ್ತಿಗೆ ಕಾಲಿನ ಇಡುವಿಕೆ, ಕೈಯ ಅಳತೆ, ಸೋಲನ್ನು ನುಂಗುವ ರೀತಿ ಎಲ್ಲವೂ ರೂಪುಗೊಂಡಿರುತ್ತವೆ. ಹದಿನೆಂಟರಲ್ಲಿ ಅದನ್ನು ಬದಲಿಸುವುದು ಒಣಗಿದ ಗೋಡೆಯ ಗಿಲಾವನ್ನು ಮತ್ತೆ ಕಲಸಿದಂತೆ.

ಹೀಗಿದ್ದೂ ಪ್ರಶಸ್ತಿ, ಫೋಟೊ, ಹೆಸರು ಮೊದಲ ಗುರುವಿಗೆ ತಲುಪುವುದು ಅಪರೂಪ. 2019ರಲ್ಲಿ ಪುರುಷರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದ ಮೊದಲ ಭಾರತೀಯ ಅಮಿತ್ ಪಂಘಾಲ್, ತಮ್ಮನ್ನು ಬಾಲ್ಯದಲ್ಲಿ ತಿದ್ದಿದ ಅನಿಲ್ ಧನಕರ್ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಕೊಡಿ ಎಂದು ಬಹಿರಂಗವಾಗಿ ಕೇಳಿಕೊಂಡರು. ತನಗೆ ಬರಬೇಕಾದದ್ದಕ್ಕಾಗಿ ಅಲ್ಲ, ಗುರುವಿಗಾಗಿ ಕೈಚಾಚಿದ ಆ ಕೋರಿಕೆಯಲ್ಲಿ ಮೇಲೆ ಹೇಳಿದ ಅನ್ಯಾಯವೆಲ್ಲ ಅಡಗಿದೆ. ಲವ್ಲೀನಾ ಬೊರ್ಗೊಹೈನ್ ಅವರ ಸಂಗತಿ ಇನ್ನೂ ಕಟು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಅವರು, 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡೆಗಳ ಹೊಸ್ತಿಲಲ್ಲಿ, ತಮ್ಮ ಕೋಚ್ ಸಂಧ್ಯಾ ಗುರುಂಗ್ ಅವರಿಗೆ ಕ್ರೀಡಾಗ್ರಾಮದೊಳಗೆ ಪ್ರವೇಶ ಸಿಗದೆ ಅಭ್ಯಾಸವೇ ನಿಂತಿದೆ ಎಂದು ಎಲ್ಲರೆದುರು ನೊಂದು ಬರೆದರು. ಹಿಂದಿನ ವರ್ಷವಷ್ಟೇ ದ್ರೋಣಾಚಾರ್ಯ ಪ್ರಶಸ್ತಿ ಪಡೆದಿದ್ದ ಕೋಚ್ ಅವರು! ಪ್ರವೇಶ ಆಮೇಲೆ ಸಿಕ್ಕಿತು. ಲವ್ಲೀನಾ ಕ್ವಾರ್ಟರ್ ಫೈನಲ್‌ನಲ್ಲಿ ಸೋತರು. ಸೋಲಿಗೆ ಅದೊಂದೇ ಕಾರಣ ಎನ್ನಲಾಗದು, ಆದರೆ ಪಂದ್ಯಕ್ಕೆ ಮುಂಚಿನ ವಾರ ಬಾಕ್ಸರ್‌ನ ಮನಸ್ಸು ಎದುರಾಳಿಯ ಮೇಲಿರಬೇಕು, ಗುರುವಿನ ಗುರುತುಚೀಟಿಯ ಮೇಲಲ್ಲ. 2023ರಲ್ಲಿ ಅದೇ ಲವ್ಲೀನಾ ದೆಹಲಿಯಲ್ಲಿ 75 ಕಿಲೋ ವಿಭಾಗದ ವಿಶ್ವ ಚಾಂಪಿಯನ್ ಆದರು.

ಕರ್ನಾಟಕಕ್ಕೂ ಈ ಕಥೆಯಲ್ಲಿ ಪಾಲಿದೆ. ಕೊಡಗಿನ ಚೇನಂಡ ಎ. ಕುಟ್ಟಪ್ಪ ಸೇನೆಯಲ್ಲಿ ಬಾಕ್ಸಿಂಗ್ ಕಲಿತು, ರಾಷ್ಟ್ರೀಯ ಶಿಬಿರದಲ್ಲಿ ತಲೆಮಾರುಗಳ ಬಾಕ್ಸರುಗಳನ್ನು ತಯಾರು ಮಾಡಿದವರು. 2018ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಪಂಘಾಲ್ ಅವರ ಬೆಳ್ಳಿ ಬಂದಾಗ ಪುರುಷರ ತಂಡದ ಹೊಣೆ ಅವರದಾಗಿತ್ತು. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಐವರು ಪುರುಷರಲ್ಲಿ ನಾಲ್ವರು ಮೊದಲ ಪಂದ್ಯದಲ್ಲೇ ಸೋತಾಗಲೂ ಹೊಣೆ ಅವರದ್ದೇ. ಆ ಬಳಿಕ ಮುಖ್ಯ ತರಬೇತುದಾರರ ಹುದ್ದೆ ಬೇರೆಯವರಿಗೆ ಹೋಯಿತು. ಶಿಷ್ಯರ ಕೈ ಮೇಲೆದ್ದಾಗ ಹಿಂದೆ ನಿಲ್ಲುವವರು, ಕೈ ಕೆಳಗಿಳಿದಾಗ ಮುಂದೆ ನಿಂತು ಉತ್ತರ ಹೇಳಬೇಕಾಗುತ್ತದೆ. ಅತ್ತ ಬಳ್ಳಾರಿ ಸೀಮೆಯ ತೋರಣಗಲ್ಲಿನ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಅಮೆರಿಕದ ರೊನಾಲ್ಡ್ ಸಿಮ್ಸ್ ಅವರ ಬಳಿ ಪಳಗಿದವರು ನಿಶಾಂತ್ ದೇವ್. ಹುಟ್ಟಿದ್ದು ಹರಿಯಾಣದ ಕರ್ನಾಲ್‌ನಲ್ಲಾದರೂ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಲ್ಲಿ ಕರ್ನಾಟಕದ ಹೆಸರಿನಲ್ಲಿ ಆಡಿದರು. 2023ರಲ್ಲಿ ತಾಷ್ಕೆಂಟ್‌ನಲ್ಲಿ ವಿಶ್ವ ಕಂಚು ಗೆದ್ದರು, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪದಕದ ಅಂಚಿಗೆ ಬಂದು ಕ್ವಾರ್ಟರ್ ಫೈನಲ್‌ನಲ್ಲಿ ಸೋತರು.

ನಾಗಪುರದ ಹುಡುಗಿಗೆ ಹೋಲಿಕೆ ಹುಡುಕುವುದಾದರೆ ಹತ್ತಿರದಲ್ಲಿ ಸಿಗುವುದು ಬೀದರ್‌ನಿಂದ ಬಹುದೂರವೇನಲ್ಲದ ನಿಜಾಮಾಬಾದಿನ ನಿಖತ್ ಜರೀನ್. ಅಲ್ಲೂ ಬಾಕ್ಸಿಂಗ್‌ಗೆ ಹೆಸರಾಗದ ಊರು, ಅಲ್ಲೂ ಬೆನ್ನಿಗೆ ನಿಂತ ತಂದೆ, ಅಲ್ಲೂ ಊರಿನಲ್ಲೇ ಸಿಕ್ಕ ಮೊದಲ ಗುರು. 2022 ಮತ್ತು 2023ರಲ್ಲಿ ನಿಖತ್ ವಿಶ್ವ ಚಾಂಪಿಯನ್ ಆದರು. ದಖ್ಖನಿನ ಈ ಎರಡು ಮನೆಗಳಲ್ಲಿ ಹೆಣ್ಣುಮಗಳ ಮುಖಕ್ಕೆ ಪೆಟ್ಟು ಬಿದ್ದರೆ ಮದುವೆ ಹೇಗೆ ಎಂಬ ಮಾತನ್ನು ಮೀರಿ ನಿಲ್ಲಲು ತಂದೆಗೊಬ್ಬ ಜೊತೆಗಾರ ಬೇಕಿತ್ತು. ಆ ಜೊತೆಗಾರಿಕೆ ತರಬೇತುದಾರರಿಂದ ಬಂತು.

ಕೀಲ್ಸೆಯ ಆಚೆಗೆ ಅಲ್ಫಿಯಾ ನಿಲ್ಲಲಿಲ್ಲ. ಯುವ ಮಟ್ಟದಲ್ಲಿ ಮಿಂಚಿ ಹಿರಿಯರ ಮಟ್ಟದಲ್ಲಿ ಮರೆಯಾಗುವವರು ನೂರಾರು. ಅಲ್ಫಿಯಾ ಮಾತ್ರ 2022ರ ಜುಲೈನಲ್ಲಿ ಕಜಕಸ್ತಾನದ ಎಲೊರ್ಡಾ ಕಪ್‌ನಲ್ಲಿ, ಆತಿಥೇಯ ದೇಶದ ಲಜ್ಜತ್ ಕುಂಗೆಬಾಯೆವಾ ಅವರನ್ನು 5-0ರಿಂದ ಸೋಲಿಸಿ ಚಿನ್ನ ಗೆದ್ದರು. ಲಜ್ಜತ್ 2016ರ ವಿಶ್ವ ಚಾಂಪಿಯನ್. ನಾಗಪುರದ ಹುಡುಗಿ ಬಾಕ್ಸಿಂಗ್ ಅಂಗಳಕ್ಕೆ ಕಾಲಿಡುತ್ತಿದ್ದ ಹೊತ್ತಿಗೆ ಜಗತ್ತನ್ನು ಗೆದ್ದಿದ್ದವರು! ಅದೇ ನವೆಂಬರ್‌ನಲ್ಲಿ ಅಮ್ಮಾನ್‌ನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್‌ನ ಚಿನ್ನವೂ ಬಂತು. ಫೈನಲ್‌ನಲ್ಲಿ ಜೋರ್ಡಾನಿನ ಎದುರಾಳಿ ಅನರ್ಹಗೊಂಡದ್ದರಿಂದ ಅದು ಬೇಗ ಮುಗಿದ ಪಂದ್ಯ.

ಮುಂದಿನ ಮೆಟ್ಟಿಲು ಒಲಿಂಪಿಕ್ಸ್ ಎನ್ನೋಣವೆಂದರೆ, ಅಲ್ಲಿ ಅವರ ತೂಕಕ್ಕೆ ಬಾಗಿಲೇ ಇರಲಿಲ್ಲ. ಟೋಕಿಯೊದಲ್ಲೂ ಪ್ಯಾರಿಸ್‌ನಲ್ಲೂ ಮಹಿಳೆಯರ ಅತಿ ಹೆಚ್ಚಿನ ವಿಭಾಗ 75 ಕಿಲೋ. ಪುರುಷರಿಗೆ ಮೇಲ್ಮಿತಿಯಿಲ್ಲದ ಸೂಪರ್ ಹೆವಿವೇಟ್ ಇದೆ, ಮಹಿಳೆಯರಿಗೆ ಇಲ್ಲ. ದೊಡ್ಡ ಮೈಕಟ್ಟಿನ ಹುಡುಗಿಯರಿಗೆ ಇದು ಅನ್ಯಾಯ, ಬಾಯಿ ಬಿಟ್ಟು ಹೇಳಬೇಕಾದ ಅನ್ಯಾಯ. ವಿಶ್ವ, ಏಷ್ಯಾ ಮಟ್ಟದಲ್ಲಿ ಚಿನ್ನ ಗೆದ್ದ ಶಿಷ್ಯೆಗೆ ಒಲಿಂಪಿಕ್ಸ್ ಇಲ್ಲ ಎಂದಾದಾಗ ಗುರು ಏನು ಹೇಳಬೇಕು? ಹದಿನೈದು ಇಪ್ಪತ್ತು ಕಿಲೋ ಇಳಿಸು ಎಂದರೆ ಹೊಡೆತದ ಬಲವೂ ದೇಹದ ಆರೋಗ್ಯವೂ ಪಣಕ್ಕೆ ಬೀಳುತ್ತವೆ. ಇಳಿಸಬೇಡ ಎಂದರೆ ಜಗತ್ತಿನ ಅತಿ ದೊಡ್ಡ ವೇದಿಕೆ ಕೈತಪ್ಪುತ್ತದೆ. ಯಾವ ಕೈಪಿಡಿಯಲ್ಲೂ ಇದಕ್ಕೆ ಉತ್ತರವಿಲ್ಲ. ಹುಡುಗಿಯನ್ನು ಹನ್ನೆರಡು ಹದಿಮೂರರಿಂದ ಬಲ್ಲವರು, ಅವಳ ಕೈಗೆ ಪಟ್ಟಿ ಸುತ್ತಿದವರು, ಅವಳ ಎದುರು ಕೂತು ನಿಧಾನವಾಗಿ ಮಾತಾಡಿಕೊಳ್ಳಬೇಕಾದ ವಿಷಯ ಅದು.

ಮಾನಕಾಪುರದಲ್ಲಿ ಒಂದು ಕಾಲಕ್ಕೆ ಆ ತೂಕದ ಹುಡುಗಿಗೆ ಎದುರು ನಿಲ್ಲಲು ಇನ್ನೊಬ್ಬ ಹುಡುಗಿ ಇರಲಿಲ್ಲ. ಇನ್ನು ಮುಂದೆ ಅಲ್ಲಿಗೆ ಬರುವ ಎತ್ತರದ, ದಪ್ಪನೆಯ, ಶಾಲೆಯಲ್ಲಿ ನಾಚಿ ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗಿಗೆ ತರಬೇತುದಾರ ಹೇಳಬಹುದಾದ ಒಂದು ಹೆಸರಾದರೂ ಇದೆ. ಆಮೇಲೆ ಅವಳ ಬಲಗೈಯನ್ನು ಮಂಡಿಯ ಮೇಲಿಟ್ಟುಕೊಂಡು, ಬೆರಳು ಅಗಲಿಸು ಎಂದು ಹೇಳಿ, ಪಟ್ಟಿಯ ಕುಣಿಕೆಯನ್ನು ಹೆಬ್ಬೆರಳಿಗೆ ಸಿಕ್ಕಿಸಬೇಕು.